ತೊಂಬತ್ತು ದಿನದ ನಿಯಮ

ನಿಂಬೆ ಗಿಡದ ಪಕ್ಕ ಗುಂಡಿ ಮೊಣಕಾಲುದ್ದ ಇಳಿದಿತ್ತು. ಹಾರೆ ಎತ್ತಿದ ಟೈಲರಮ್ಮನ ಮೈದುನ ಕೈ ಇಳಿಸದೆ ಹಾಗೆಯೇ ನಿಂತ. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಫೈಲು ಹಿಡಿದುಕೊಂಡು, ಗೇಟನ್ನು ಮೊಣಕೈಯಲ್ಲೇ ದೂಡಿ, ಸಾವಯವ ಸಂಘದ ತಪಾಸಕ ಓಡಿ ಬರುತ್ತಿದ್ದ.

"ನಿಲ್ಸಿ! ತೋಡ್ಬೇಡಿ!" ಎಂದ. ಆಮೇಲೆ ನೆನಪಾಗಿ ಕೈ ಮುಗಿಯಲು ಹೋದ; ಫೈಲು ಬಿತ್ತು.

"ನಿಧಾನ ಕಣಪ್ಪ. ಸತ್ತೋರೇನು ಎದ್ದು ಓಡಿ ಹೋಗಲ್ಲ," ಎಂದ ಮೈದುನ.

ಜಗುಲಿಯಲ್ಲಿ ಕೂತಿದ್ದ ಟೈಲರಮ್ಮ ತಲೆಯೆತ್ತಿದಳು. ಒಳಗೆ, ಅವಳು ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಅವಳ ಗಂಡ, ಗೊಬ್ಬರದ ಮೇಷ್ಟ್ರು, ಮಲಗಿದ್ದರು. ಮನೆಯಲ್ಲಿ ಅವರ ಉದ್ದಕ್ಕೆ ಸಾಕಾಗುವ ಮೇಜು ಅದೊಂದೇ. ಹೊದಿಸಿದ್ದ ಹತ್ತಿ ಬಟ್ಟೆಯ ಅಂಚನ್ನು ಬೆಳಗ್ಗೆ ಅವಳೇ ಹೊಲಿದಿದ್ದಳು, ಅದೂ ಹತ್ತಿ ದಾರದಲ್ಲೇ. ಪಾಲಿಯೆಸ್ಟರ್ ದಾರ ನೂರು ವರ್ಷ ಕೊಳೆಯುವುದಿಲ್ಲವೆಂದು ಮೇಷ್ಟ್ರು ನಲವತ್ತು ವರ್ಷ ಹೇಳಿ ಹೇಳಿ ಅವಳ ಕಿವಿ ತೂತು ಮಾಡಿದ್ದರು.

ತಪಾಸಕ ಅವಳ ಕಾಲ ಬಳಿ ಕೂತ. ಕಾಲೇಜಿನಲ್ಲಿ ಮೇಷ್ಟ್ರ ಹತ್ತಿರ ರಸಾಯನಶಾಸ್ತ್ರ ಕಲಿತವನು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಅಮ್ಮ, ಇವತ್ತು ವರ್ಷದ ತಪಾಸಣೆ. ಮೇಷ್ಟ್ರೇ ಗೊತ್ತು ಮಾಡಿದ್ದ ತಾರೀಕು. ಬಸ್ಸಲ್ಲಿ ಬರ್ತಾ ಅವರು ಸಂಘಕ್ಕೆ ಕಳಿಸಿದ್ದ ತೋಟದ ದಿನಚರಿ ನೋಡ್ದೆ. ಇಲ್ಲಿ ಹೂಳೋ ಹಾಗಿಲ್ಲಮ್ಮ."

"ಯಾಕೋ? ಅವರ ತೋಟ, ಅವರ ಮಣ್ಣು."

ಅವನು ಪುಟ ತೆಗೆದು ತೋರಿಸಿದ. ಮೇಷ್ಟ್ರ ದುಂಡು ಅಕ್ಷರ: 'ತೋಟದ ಮಾಲೀಕ. ಆಂಟಿಬಯಾಟಿಕ್, ಹತ್ತು ದಿನ. ಕೊನೆಯ ಡೋಸ್ ಇಂದು. ತೊಂಬತ್ತು ದಿನ ಈ ಮೈಯದ್ದೆಲ್ಲ ಮಣ್ಣಿಗೆ ನಿಷಿದ್ಧ.' ಕೆಳಗೆ ಸಹಿ.

"ಇವತ್ತಿಗೆ ನಲವತ್ತೊಂದು ದಿನ," ಎಂದ ತಪಾಸಕ. "ಇನ್ನೂ ನಲವತ್ತೊಂಬತ್ತು ಬಾಕಿ."

ಮೈದುನ ಹಾರೆ ಕೆಳಗಿಟ್ಟ. "ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಅಂತ ಗಾದೆ. ನಮ್ಮಣ್ಣನಿಗೆ ಬೀಳೋಕೂ ಪರ್ಮಿಷನ್ ಬೇಕಲ್ಲಪ್ಪ!"

"ನಿಯಮ ಬರೆದೋರೂ ಅವರೇ," ಎಂದು ತಪಾಸಕ ಕಣ್ಣೊರೆಸಿಕೊಂಡ. "ಸಂಘದ ಹನ್ನೊಂದು ತೋಟಕ್ಕೂ ಸೇರಿ ಒಂದೇ ಸಾವಯವ ಪ್ರಮಾಣಪತ್ರ. ಒಂದು ತೋಟ ತಪ್ಪಿದ್ರೆ ಹನ್ನೊಂದೂ ಹೋಗುತ್ತೆ. ಊರಿನ ಹೊರಗೆ ಸಾರ್ವಜನಿಕ ಸ್ಮಶಾನ ಇದೆಯಲ್ಲಮ್ಮ, ಅಲ್ಲಿಗೆ..."

"ಅಲ್ಲಿ ಸಿಮೆಂಟು ಹಾಕ್ತಾರೆ. ಎರಡು ಬಸ್ಸು ಬದಲಾಯಿಸ್ಬೇಕು." ಟೈಲರಮ್ಮ ಕಿಟಕಿಯತ್ತ ಕೈ ತೋರಿಸಿದಳು. "ಹೊಲಿಗೆ ಮಿಷನ್ ಮುಂದೆ ಕೂತು ತಲೆಯೆತ್ತಿದ್ರೆ ಕಾಣ್ತಿದ್ರು ಕಣೋ ಅವರು. ದಿನವೂ. ನನಗೆ ಅಷ್ಟೇ ಬೇಕು. ಕಾಣೋ ಜಾಗ."

*

ನಲವತ್ತೊಂದು ದಿನದ ಹಿಂದೆ, ಆಸ್ಪತ್ರೆಯಿಂದ ಬಂದ ದಿನ, ಮೇಷ್ಟ್ರು ನೀರು ಕೇಳಲಿಲ್ಲ, ದಿನಚರಿ ಕೇಳಿದರು. ಬರೆದು ಮುಗಿಸಿ, ಬಚ್ಚಲ ಹಿಂದಿನ ಬಕೆಟ್ಟಿನತ್ತ ಬೆರಳು ತೋರಿಸಿದರು. ಒಂದು ಪಾಲು ಮೇಷ್ಟ್ರ ಮೂತ್ರ, ಹತ್ತು ಪಾಲು ನೀರು: ನಿಂಬೆ ಗಿಡ ಮೂವತ್ತು ವರ್ಷದಿಂದ ಉಂಡದ್ದು ಅದನ್ನೇ.

"ಇನ್ನು ತೊಂಬತ್ತು ದಿನ ಅದರ ಜವಾಬ್ದಾರಿ ನಿಂದು."

"ನಮ್ಮಪ್ಪ ನನ್ನನ್ನ ಮದುವೆ ಮಾಡಿಕೊಟ್ಟದ್ದು ನಿಮಗೋ, ನಿಂಬೆ ಗಿಡಕ್ಕೋ?"

"ಗಿಡ ನನಗಿಂತ ಕಮ್ಮಿ ಮಾತಾಡುತ್ತೆ. ನಿನಗೇ ಲಾಭ."

ಆಕೆ ಬೈದುಕೊಳ್ಳುತ್ತಲೇ ಒಪ್ಪಿಕೊಂಡಳು. ಆ ಮನೆಯ ಸಂಸಾರ ನಡೆದದ್ದೇ ಹಾಗೆ. ಸಕ್ಕರೆ ಹೋಯಿತು, ಮೈದಾ ಹೋಯಿತು, ಅಂಗಡಿಯ ತಿಂಡಿ ಹೊಸ್ತಿಲು ದಾಟಲಿಲ್ಲ. ಮಣ್ಣನ್ನು ಮೂಸಿ ನೋಡಿ, ನಾಲಿಗೆಯ ತುದಿಗಿಟ್ಟು, "ಇವತ್ತು ಖುಷಿಯಾಗಿದೆ" ಎನ್ನುತ್ತಿದ್ದ ಗಂಡನ ಮುಂದೆ ಅವಳು ಕ್ರೀಮ್ ಬಿಸ್ಕತ್ತಿನ ಸುದ್ದಿ ಎತ್ತುವುದುಂಟೆ? ಹಾಗಾಗಿ ಬಿಸ್ಕತ್ತು ಬಟನ್ ಡಬ್ಬಿಯಲ್ಲಿತ್ತು. ಗಿರಾಕಿ ಬಂದಾಗ ಬಟನ್ ಹುಡುಕುವ ನೆಪದಲ್ಲಿ ಒಂದು, ಗಿರಾಕಿ ಹೋದ ಮೇಲೆ ಒಂದು. ಇಪ್ಪತ್ತಾರು ವರ್ಷ ಗುಟ್ಟು ರಟ್ಟಾಗಲಿಲ್ಲ.

ಆ ದಿನ ಮಲಗುವ ಮುಂಚೆ ಮೇಷ್ಟ್ರು ಗೋಡೆಯ ಕಡೆ ತಿರುಗಿ ಹೇಳಿದರು: "ಬಟನ್ ಡಬ್ಬಿ ಮುಚ್ಚಳ ಗಟ್ಟಿ ಹಾಕು. ಇರುವೆ ಬರ್ತಾ ಇದೆ."

*

"ಯಾರೂ ಒಂದು ಮಾತು ಆಡ್ತಿಲ್ವಲ್ಲ, ನಾನೇ ಆಡ್ಲಾ?"

ಬೇಲಿಯಾಚೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದವಳು ಹಾಲಿನಮ್ಮ. ಪಕ್ಕದ ಹೊಲದಲ್ಲಿ ಹುಲ್ಲು ಬೆಳೆದು ಎಂಟು ಹಸು ಸಾಕಿದವಳು. ಏಳು ವರ್ಷದಿಂದ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದಳು. ಬೆಳಗ್ಗೆಯಿಂದ ಅಲ್ಲೇ ನಿಂತಿದ್ದಳು, ಗೇಟು ದಾಟಿರಲಿಲ್ಲ.

"ನನ್ನ ಕೆಂದ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಮೂರೇ ಮೂರು ಇಂಜೆಕ್ಷನ್. ಪ್ರೀತಿಯಿಂದ ಒಂದು ಗಾಡಿ ಸಗಣಿ ತಂದೆ. ಈ ಮಹರಾಯ್ರು ಗೇಟಲ್ಲೇ ನಿಲ್ಸಿ, 'ತೊಂಬತ್ತು ದಿನ ಬಿಟ್ಟು ಬಾ' ಅಂದ್ರು. ಸಗಣಿ ವಾಪಸ್ ಹೊತ್ಕೊಂಡು ಹೋದೋಳು ಈ ಊರಲ್ಲಿ ನಾನೊಬ್ಬಳೇ! ಜನ ಎಷ್ಟು ನಕ್ರು ಗೊತ್ತಾ?"

"ಗೊತ್ತು, ಹಾಲಿನಮ್ಮ," ಎಂದಳು ಟೈಲರಮ್ಮ. "ಈಗ ನೀನೂ ನಗು. ನಿನ್ನ ಸರದಿ."

ಹಾಲಿನಮ್ಮ ನಗಲು ಬಾಯಿ ತೆರೆದಳು. ಆಗಲಿಲ್ಲ. ಸೆರಗಿನಿಂದ ಮೂಗು ಒತ್ತಿಕೊಂಡು ತಪಾಸಕನ ಕಡೆ ತಿರುಗಿದಳು.

"ಏ ಫೈಲಿನಪ್ಪ, ನನ್ನ ಹೊಲಕ್ಕೆ ಯಾವುದಾದ್ರೂ ಪತ್ರ ಇದೆಯಾ?"

"ಇಲ್ಲಮ್ಮ. ನೀವು ಯೂರಿಯಾ ಹಾಕ್ತೀರಲ್ಲ."

"ಮೂಟೆಗಟ್ಟಲೆ ಹಾಕ್ತೀನಿ. ಹಾಗಾದ್ರೆ ನನ್ನ ಹೊಲದಲ್ಲಿ ಯಾರು ಮಲಗಿದ್ರೂ ಯಾರೂ ಕೇಳಂಗಿಲ್ಲ. ಕರ್ಕೊಂಡ್ ಬನ್ನಿ ಅವರನ್ನ."

ಎಲ್ಲರೂ ಟೈಲರಮ್ಮನ ಮುಖ ನೋಡಿದರು. ಮೇಷ್ಟ್ರು ಯೂರಿಯಾ ಎಂಬ ಮಾತು ಕೇಳಿದರೆ ಕೈ ತೊಳೆಯುತ್ತಿದ್ದ ಮನುಷ್ಯ.

ಅವಳು ಬೇಲಿಯಾಚೆಯ ಹುಲ್ಲಿನತ್ತ ನೋಡಿದಳು. "ಕಾಣುತ್ತಾ ಅಂತ ನೋಡ್ಬೇಕು," ಎಂದು ಎದ್ದು ಒಳಗೆ ಹೋದಳು. ಮಿಷನ್ ಮುಂದೆ ಕೂತು, ಪೆಡಲಿನ ಮೇಲೆ ಕಾಲಿಟ್ಟು, ತಲೆಯೆತ್ತಿದಳು. ಕಿಟಕಿಯಾಚೆ ಹುಲ್ಲಿನ ನಡುವೆ ಮೈದುನ ಗುರುತಿನ ಕಂಬದಂತೆ ನಿಂತಿದ್ದ.

"ಇಲ್ಲೇನಾ ಅತ್ತಿಗೆ?"

"ನಿಂಬೆ ಗಿಡ ಅಡ್ಡ ಬರುತ್ತೆ. ಎಡಕ್ಕೆ ಹೋಗು!"

"ಇಲ್ಲಿ?"

"ಎಂಟು ಮೀಟರ್!" ಎಂದು ತಪಾಸಕ ಬೇಲಿಯಿಂದ ಹೆಜ್ಜೆ ಎಣಿಸುತ್ತ ಕೂಗಿದ. "ಬೇಲಿಯಿಂದ ಎಂಟು ಮೀಟರ್ ಬಿಡ್ಬೇಕು, ನೀರು ಈ ಕಡೆ ಜಿನುಗಬಾರದು!"

"ನಿಂತಿದ್ದು ಕಾಣುತ್ತೆ ಸರಿ," ಎಂದಳು ಟೈಲರಮ್ಮ. "ಅವರು ಮಲಗಿರ್ತಾರಲ್ಲೋ. ಮಲಗು!"

ಮೈದುನ ಒಳ್ಳೆಯ ಷರಟಿನಲ್ಲೇ ಹುಲ್ಲಿನ ಮೇಲೆ ಮಲಗಿದ. ಸಾವಿನ ಮನೆಗೆ ಬಂದವರೆಲ್ಲ ಬಾಯಿಗೆ ಕರವಸ್ತ್ರ ಹಿಡಿದರು. ಅಳುವುದಕ್ಕಲ್ಲ ಎಂದು ಭುಜಗಳು ಹೇಳುತ್ತಿದ್ದವು. ಕಿಟಕಿಯಿಂದ ಎರಡು ಕಾಲಿನ ಹೆಬ್ಬೆರಳು ಸ್ಪಷ್ಟವಾಗಿ ಕಂಡವು.

"ಹಾಂ. ಅಲ್ಲೇ," ಎಂದಳು ಅವಳು. ಕಣ್ಣೀರು ಬಂದದ್ದು ಆಗ.

ನಾಲ್ಕು ಜನ ಬೆವರು ಸುರಿಸಿದರೂ ಆ ನೆಲ ಸುಲಭಕ್ಕೆ ಬಾಯಿ ಬಿಡಲಿಲ್ಲ. ಮೇಷ್ಟ್ರನ್ನು ಇಳಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಲು ಬಗ್ಗಿದರು. ಟೈಲರಮ್ಮನ ಕೈಗೆ ಬಂದದ್ದು ಇಟ್ಟಿಗೆಯಂಥ ಹೆಂಟೆ. ಹಿಸುಕಿದಳು, ಒಡೆಯಲಿಲ್ಲ. ಮೂಸಿದಳು, ಯಾವ ವಾಸನೆಯೂ ಇಲ್ಲ. ಅದನ್ನು ಮೆಲ್ಲಗೆ ಬದಿಗಿಟ್ಟು, ಬೇಲಿ ದಾಟಿ ಹಿಂದಕ್ಕೆ ಹೋಗಿ, ಮೇಷ್ಟ್ರ ಗೊಬ್ಬರದ ಗುಡ್ಡೆಯಿಂದ ಬುಟ್ಟಿ ತುಂಬಿಕೊಂಡು ಬಂದಳು.

ತಪಾಸಕ ಫೈಲು ತೆರೆದ. ಒಂದೊಂದೇ ಪುಟ ತಿರುವಿ ಕೊನೆಯವರೆಗೂ ಓದಿದ.

"ತೋಟದೊಳಗೆ ಬರೋದಕ್ಕೆ ಹದಿನಾಲ್ಕು ನಿಯಮ ಇದೆ," ಎಂದ. "ಹೊರಗೆ ಹೋಗೋದಕ್ಕೆ ಒಂದೂ ಇಲ್ಲ."

"ಇನ್ನೇನು ನೋಡ್ತಿದ್ದೀರ, ಬುಟ್ಟಿ ಹಿಡೀರಿ!" ಎಂದಳು ಹಾಲಿನಮ್ಮ. "ಅಕ್ಕ, ನಾನಂತೂ ವಾಪಸ್ ಕಳಿಸಲ್ಲ."

ಬುಟ್ಟಿಗಳು ಸಾಲಾಗಿ ಬೇಲಿ ದಾಟಿದವು. ಕಪ್ಪು ಗೊಬ್ಬರ ಬಿಸಿಲಲ್ಲಿ ಆವಿಯಾಡಿತು. ಕೊನೆಯ ಬುಟ್ಟಿಯಿಂದ ಎರೆಹುಳುವೊಂದು ಜಾರಿ ಬೇಲಿಯ ಗೆರೆಯ ಮೇಲೆ, ಸರಿಯಾಗಿ ನಡುಮಧ್ಯೆ ಬಿದ್ದು ಹೊರಳಿತು. ತಪಾಸಕ ಬಗ್ಗಿ, ಅದನ್ನು ಖಾಲಿ ಫಾರಮ್ಮಿನ ಮೇಲೆ ಎತ್ತಿಕೊಂಡು, ಈ ಕಡೆ ಆ ಕಡೆ ನೋಡಿ, ಟೈಲರಮ್ಮನ ಕಡೆ ನೋಡಿದ. ಅವಳು ಗಲ್ಲದಿಂದ ಆಚೆ ತೋರಿಸಿದಳು.

ಅವನು ಕಾಗದವನ್ನು ಎರಡೂ ಕೈಯಲ್ಲಿ ಸಮವಾಗಿ ಹಿಡಿದು ಎಂಟು ಹೆಜ್ಜೆ ನಡೆದ. ಮಂಡಿಯೂರಿ ಹುಳುವನ್ನು ಗೊಬ್ಬರದ ಮೇಲೆ ಬಿಟ್ಟು, ಬಾಲದ ತುದಿ ಒಳಗೆ ಮರೆಯಾಗುವವರೆಗೆ ಕಾದ.