ಕಾಲುವೆ ದಂಡೆಯ ಕವಲು ಎಲ್ಮ್

ನಾನು ಒಂದು ಎಲ್ಮ್ ಮರ. ನೆದರ್‌ಲೆಂಡ್ಸ್‌ನ ನರ್ಸರಿಯೊಂದರಲ್ಲಿ ಹುಟ್ಟಿದ ಮಿಶ್ರತಳಿ. ತಾಯಿ ಅಲ್ಲಿಯವಳೇ, ತಂದೆಯ ಕಡೆಯವರು ಹಿಮಾಲಯದವರು. ನಮ್ಮ ಕುಲವನ್ನೇ ಒಣಗಿಸುವ ಶಿಲೀಂಧ್ರ ರೋಗವೊಂದಿದೆ. ಅದನ್ನು ತಡೆದುಕೊಳ್ಳುವ ಮರ ಬೇಕೆಂದು ನಮ್ಮನ್ನು ಹುಟ್ಟಿಸಿದರು. ಆಮೇಲೆ ಪರೀಕ್ಷೆ. ಅದೆಂಥ ಪರೀಕ್ಷೆಯೋ! ಎಳೆಯ ಕಾಂಡವನ್ನು ಚಾಕುವಿನಿಂದ ಗೀರಿ, ಗಾಯಕ್ಕೆ ಆ ರೋಗವನ್ನೇ ಬಿಡುವುದು.

ನನ್ನನ್ನು ಗೀರಿದವಳು ಮಾರ್ಗ್ರಿಟ್, ನರ್ಸರಿಯ ಕೆಲಸದವಳು. ಅಕ್ಕಪಕ್ಕದ ಸಸಿಗಳು ಒಂದೊಂದಾಗಿ ಬಾಡಿದವು. ನಾನು ಬದುಕಿದೆ. ಆದರೆ ನನ್ನ ಕಾಂಡ ಕವಲೊಡೆದಿತ್ತು. ಬೀದಿಗೆ ನೆಟ್ಟಗಿನ ಮರವೇ ಬೇಕಂತೆ! ಹೆಸರನ್ನೂ ಇಡದೆ ನನ್ನನ್ನು ಕಡಿಯುವ ಸಾಲಿಗೆ ಸೇರಿಸಿದರು. ಮಾರ್ಗ್ರಿಟ್ ಗೋಗರೆದು, ಬೇರುಸಮೇತ ತಂದು, ತನ್ನ ಮನೆ ಮುಂದಿನ ಕಾಲುವೆ ದಂಡೆಯಲ್ಲಿ ನೆಟ್ಟಳು.

ಸಮುದ್ರದ ಗಾಳಿಗೆ ಕವಲು ಸೀಳೀತೆಂದು ಅವಳಿಗೆ ಸದಾ ಭಯ. ಒಂದು ದಿನ ಏಣಿ ಹತ್ತಿ, ಎರಡೂ ಕೊಂಬೆಗಳನ್ನು ಸೇರಿಸಿ ತಂತಿ ಸುತ್ತಿದಳು. ನಾನು ದಪ್ಪಗಾದೆ. ಎಡಗೊಂಬೆಯ ತಂತಿ ತೊಗಟೆಯೊಳಗೆ ಮುಳುಗಿತು. ಅವಳಿಗೆ ಅದು ಮರೆತೇಹೋಯಿತು.

ಅವಳ ಕೂದಲು ನರೆತ ಮೇಲೆ, ಒಂದು ಬೇಸಿಗೆಯಲ್ಲಿ, ನನ್ನ ಎಡಗೊಂಬೆ ಹಳದಿಯಾಯಿತು. ರೋಗದ ಗುರುತೂ ಅದೇ. ಪುರಸಭೆಯ ಯೋಸ್ಟ್ ಗರಗಸ ಹಿಡಿದು ಬಂದ.

“ರೋಗ ಇದ್ರೆ ಇವತ್ತೇ ಬುಡಕ್ಕೆ ಕಡೀಬೇಕು ಮೇಡಂ. ಬಿಟ್ರೆ ಕಾಲುವೆ ಉದ್ದಕ್ಕೂ ಇರೋ ಎಲ್ಮ್‌ಗಳೆಲ್ಲ ಹೋಗ್ತವೆ.”

“ಇದಕ್ಕೆ ಬರಲ್ಲಪ್ಪ. ನಾನೇ ಕೈಯಾರೆ ರೋಗ ಕೊಟ್ಟು ನೋಡಿದೀನಿ.”

“ಆಗ ಬರ್ಲಿಲ್ಲ ಅಂತ ಈಗ್ಲೂ ಬರಲ್ಲ ಅನ್ನೋಕಾಗುತ್ತಾ? ರೆಂಬೆ ಕತ್ತರಿಸಿ ನೋಡ್ತೀನಿ. ಒಳಗೆ ಕಂದು ಗೆರೆ ಕಂಡ್ರೆ ಮುಗೀತು.”

ಒಂದು ರೆಂಬೆ ಕತ್ತರಿಸಿದ. ಬೆಳ್ಳಗಿತ್ತು. ಸಮಾಧಾನವಾಗದೆ ಇನ್ನೊಂದು. ಅದೂ ಬೆಳ್ಳಗೆ. ಮಾರ್ಗ್ರಿಟ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹಾಗಾದರೆ ಹಳದಿಯಾಗಿದ್ದೇಕೆ? ಯೋಸ್ಟ್ ಏಣಿ ಹತ್ತಿ ಕೊಂಬೆಯ ಬುಡಕ್ಕೇ ಗರಗಸ ಹಾಕಿದ. ಅದು ಕಿರ್ರೆಂದು ನಿಂತಿತು.

“ಮೇಡಂ, ರೋಗ ಅಲ್ಲ. ತಂತಿ! ಯಾವನೋ ಪುಣ್ಯಾತ್ಮ ಬಿಗಿದು ಉಸಿರು ಕಟ್ಟಿಸಿದಾನೆ.”

ಮಾರ್ಗ್ರಿಟ್ ಚೌಕಟ್ಟು ಬಿಟ್ಟು ಏಣಿಯ ಬುಡಕ್ಕೆ ಬಂದಳು.

“ನಾನೇ ಬಿಗಿದದ್ದು,” ಎಂದಳು.

ಬಲಗೊಂಬೆಗೆ ಸಡಿಲವಾಗಿ ಸುತ್ತಿದ್ದ ತಂತಿಯನ್ನು ಯೋಸ್ಟ್ ಬಿಚ್ಚಿದ. ಎಡಗೊಂಬೆ ಉಳಿಯಲಿಲ್ಲ. ರೋಗಕ್ಕೆ ಜಗ್ಗದ ನಾನು ಪ್ರೀತಿಗೆ ಸಾಯುವುದರಲ್ಲಿದ್ದೆ. ಸಿಟ್ಟು ಬಂದದ್ದು ನಿಜ, ಆದರೆ ನಿಲ್ಲಲಿಲ್ಲ.

ಈಗ ಇಬ್ಬರಿಗೂ ವಯಸ್ಸಾಗಿದೆ. ಅವಳು ಏಣಿ ಹತ್ತಲಾರಳು. ಸಂಜೆ ಕೆಳಗೆ ನಿಂತು ನನ್ನ ಕಾಂಡದ ಸುತ್ತ ಬೆರಳಾಡಿಸುತ್ತಾಳೆ, ಎಲ್ಲಾದರೂ ಏನಾದರೂ ಬಿಗಿದಿದೆಯೇ ಎಂದು. ಏನೂ ಇಲ್ಲ. ಮರುದಿನ ಬಂದು ಮತ್ತೆ ಹುಡುಕುತ್ತಾಳೆ.