ಸಾಹೇಬರ ಹೆಂಡತಿಯ ಮತ

ಗೇಟಿನ ಫಲಕದ ಮೇಲೆ ‘ಶಾಸಕಿ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರೂ, ಒಳಗೆ ಬಂದವರೆಲ್ಲ ಕೇಳುತ್ತಿದ್ದದ್ದು ಸಾಹೇಬರನ್ನು. ಶಾಸಕಿ ಬಂದವರಿಗೆ ಚಹಾ ಕೊಟ್ಟು, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಇಂಥ ಮನೆಯನ್ನು ನೀವೂ ಕಂಡಿರುತ್ತೀರಿ. ಕಂಡು ಸುಮ್ಮನಿದ್ದಿರಲೂಬಹುದು.

ಸಾಹೇಬರೆಂದರೆ ಅವಳ ಗಂಡ. ಹಿಂದೆ ಶಾಸಕರಾಗಿದ್ದವರು, ಸಿಕ್ಕಸಿಕ್ಕ ಪಕ್ಷಗಳ ಬಾಗಿಲು ತಟ್ಟಿದವರು. ಬಾಲ್ಯವಿವಾಹ ಪಿಡುಗು ಎಂದು ಬೆಳಿಗ್ಗೆ ಮೈಕು ಹರಿಯುವಂತೆ ಕೂಗಿ, ಸಂಜೆ ಹದಿನೈದರ ಹುಡುಗಿಯ ಮದುವೆಗೆ ಹೋಗಿ ಹರಸಿ, ಹೊಟ್ಟೆತುಂಬ ಉಂಡು ಬರುವುದು ಅವರ ನೀತಿ. ಯಾವುದೋ ಹಗರಣದಲ್ಲಿ ಕೋರ್ಟು ಅವರನ್ನು ಚುನಾವಣೆಗೆ ನಿಲ್ಲದಂತೆ ಮಾಡಿದಾಗ ಹೆಂಡತಿಯನ್ನು ನಿಲ್ಲಿಸಿದರು. ಸದನದಲ್ಲಿ ಮತ ಹಾಕುವಾಗ ಅವಳು ತಲೆಯೆತ್ತಿ ಪ್ರೇಕ್ಷಕರ ಸಾಲು ನೋಡಬೇಕು. ಸಾಹೇಬರು ಎದೆಯ ಮೇಲೆ ಕೈಯಿಟ್ಟರೆ ‘ಹೌದು’, ಕನ್ನಡಕ ತೆಗೆದರೆ ‘ಇಲ್ಲ’. ಅವಳ ರಾಜಕೀಯವೆಲ್ಲ ಇಷ್ಟೇ ಆಗಿತ್ತು.

ಹಾಗಿರುವಾಗ ಅವರ ಡ್ರೈವರನ ದೊಡ್ಡ ಮಗಳು ಹೆರಿಗೆಯಲ್ಲಿ ಸತ್ತಳು. ಹದಿನೇಳು ವರ್ಷ. ಎರಡು ವರ್ಷದ ಹಿಂದೆ ಕದ್ದುಮುಚ್ಚಿ ನಡೆದ ಅವಳ ಮದುವೆಗೂ ಸಾಹೇಬರೇ ಹಿರಿಯರಾಗಿ ನಿಂತಿದ್ದರು. ಶಾಸಕಿ ಆಸ್ಪತ್ರೆಗೆ ಹೋದಳು. ಬಿಳಿ ಬಟ್ಟೆಯ ಕೆಳಗಿದ್ದ ಮೈ ಶಾಲೆಯ ಹುಡುಗಿಯದಷ್ಟೇ ಇತ್ತು. ಮಗುವೂ ಉಳಿದಿರಲಿಲ್ಲ.

“ಇದನ್ನ ಹಣೆಬರಹ ಅನ್ಬೇಡಿ ಮೇಡಂ,” ಎಂದಳು ದಾದಿ. “ಬೆಳೀತಾ ಇರೋ ಮೈ ಇದು. ಹೆರೋಕೆ ತಯಾರಾಗಿರ್ಲಿಲ್ಲ. ಎಲ್ಲರಿಗೂ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಗಿದೆ.”

ಮನೆಗೆ ಬಂದರೆ ಅತ್ತೆ ಆಗಲೇ ಲೆಕ್ಕಾಚಾರ ಮುಗಿಸಿ ಕೂತಿದ್ದರು.

“ಹೋದವಳು ಹೋದ್ಲು. ಡ್ರೈವರನ ಆ ಅಳಿಯನಿಗೆ ಚಿಕ್ಕವಳನ್ನ ಕೊಟ್ರಾಯ್ತು. ಹದಿನಾರು ತುಂಬ್ತಲ್ಲ.”

“ಅತ್ತೆ, ಅವಳ ಅಕ್ಕನ ಹೆಣ ಇನ್ನೂ ಮನೆಗೆ ಬಂದಿಲ್ಲ!”

“ಅದಕ್ಕೇನೀಗ? ನಾನು ಹದಿಮೂರಕ್ಕೆ ಬಂದೆ ಈ ಮನೆಗೆ. ಸತ್ತೆನಾ?”

ಸಾಹೇಬರು ಫೋನಿನಿಂದ ತಲೆ ಎತ್ತಿದರು. “ಅಮ್ಮ ಹೇಳೋದು ಸರಿ. ತಂದೆತಾಯಿ ಒಪ್ಪಿದ್ರೆ ಹದಿನಾರಕ್ಕೇ ಮದುವೆ ಮಾಡಬಹುದು ಅಂತ ಕಾನೂನಿಗೆ ತಿದ್ದುಪಡಿ ಬರ್ತಾ ಇದೆ. ಹಿರೀಕರಿಗೆಲ್ಲ ಮಾತು ಕೊಟ್ಟಿದೀನಿ. ಮತ ಹಾಕೋ ದಿನ ಎದೆ ಮೇಲೆ ಕೈಯಿಡ್ತೀನಿ, ಸರಿಯಾಗಿ ನೋಡ್ಕೋ.”

ಅವಳು ಸಾಹೇಬರ ಮುಂದಿದ್ದ ಖಾಲಿ ಲೋಟ ಎತ್ತದೆಯೇ ಒಳಗೆ ಹೋದಳು. ಒಬ್ಬ ಹುಡುಗಿಯನ್ನು ನುಂಗಿದ್ದು ಸಾಲದೆ, ಇನ್ನೊಬ್ಬಳನ್ನು ನುಂಗಲು ಕಾನೂನನ್ನೇ ತಟ್ಟೆ ಮಾಡಿಕೊಂಡು ಕೂತಿದ್ದಾರೆ! ಅದಕ್ಕೆ ತನ್ನ ಬಾಯಿಯಿಂದಲೇ ‘ಹೌದು’ ಅನ್ನಿಸುತ್ತಾರೆ!

ಮತದ ದಿನ ಸಭಾಧ್ಯಕ್ಷರು ಅವಳ ಸರದಿ ಕರೆದರು. ಮೇಲೆ ಸಾಹೇಬರು ಎದೆಗೆ ಕೈಯೊತ್ತಿ ಕೂತಿದ್ದರು. ಅವಳು ಮೇಲೆ ನೋಡಲೇ ಇಲ್ಲ.

“ಇಲ್ಲ,” ಎಂದಳು.

ಸಾಹೇಬರು ದಡಕ್ಕನೆ ಎದ್ದರು. “ಅವಳಿಗೆ ಗೊತ್ತಾಗಿಲ್ಲ ಸ್ವಾಮಿ! ನಮ್ಮದು ಹೌದು! ಹೌದು ಅಂತ ಬರ್ಕೊಳ್ಳಿ!”

“ಯಾರ್ರೀ ಅದು? ಹೇಳೋಕೆ ನೀವ್ಯಾರು?” ಎಂದರು ಸಭಾಧ್ಯಕ್ಷರು.

“ನಾನೇ ಕಣ್ರೀ ಆ ಕ್ಷೇತ್ರದ ಶಾಸಕ!”

ಸದನ ಬಿದ್ದು ಬಿದ್ದು ನಕ್ಕಿತು. ಅವಳಿಗೆ ನಗು ಬರಲಿಲ್ಲ. ನಗುವವರ ಕೆನ್ನೆಗೆಲ್ಲ ಬಾರಿಸಬೇಕೆನಿಸಿತು.

“ಅವರು ನನ್ನ ಗಂಡ,” ಎಂದಳು. “ಶಾಸಕಿ ನಾನು. ಇಂಥ ಮದುವೆಯಿಂದ ಸತ್ತ ಹುಡುಗಿಯ ಮುಖ ನೋಡಿ ಬಂದಿದೀನಿ. ನೀವ್ಯಾರೂ ನೋಡಿಲ್ಲ, ಅದಕ್ಕೇ ನಗ್ತಿದೀರಿ. ನನ್ನ ಮತ ‘ಇಲ್ಲ’.”

ಸಾಹೇಬರನ್ನು ಕಾವಲುಗಾರರು ತೋಳು ಹಿಡಿದು ಹೊರಗೆ ಕರೆದೊಯ್ದರು. ತಿದ್ದುಪಡಿ ಮಾತ್ರ ಪಾಸಾಯಿತು. ಕೈಯೆತ್ತುವುದನ್ನೇ ಕಸುಬು ಮಾಡಿಕೊಂಡವರಿಗೆ ಅಲ್ಲಿ ಬರವಿರಲಿಲ್ಲ.

ಕಾರಿನಲ್ಲಿ ಸಾಹೇಬರು ಬುಸುಗುಟ್ಟುತ್ತಿದ್ದರು. “ನನ್ನ ಮಾನ ಮೂರಾಬಟ್ಟೆ ಮಾಡಿದೆ. ಏನು ಸಿಕ್ತು ನಿನಗೆ? ಪಾಸಾಯ್ತಲ್ಲ! ಇವನ ಚಿಕ್ಕ ಮಗಳ ಮದುವೇನ ನಾನೇ ಮುಂದೆ ನಿಂತು ಮಾಡಿಸ್ತೀನಿ, ನೋಡ್ತಿರು.”

ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡಿದ. ಅವನು ಸಾಹೇಬರಿಗೆ ಎದುರಾಡಿದವನೇ ಅಲ್ಲ.

ಶಾಸಕಿ ಮುಂದೆ ಬಾಗಿದಳು. “ನೋಡಪ್ಪಾ, ಅಪ್ಪ ಅಮ್ಮ ಒಪ್ಪಿದ್ರೆ ಅಂತ ಬರೆದಿದೆ ಅದರಲ್ಲಿ. ಒಪ್ಪದಿದ್ರೆ ಸಾಹೇಬರಲ್ಲ, ಸರ್ಕಾರವೇ ಬಂದ್ರೂ ಏನೂ ಮಾಡೋಕಾಗಲ್ಲ. ನೀನು ಒಪ್ತೀಯಾ?”

ಅವನು ಕಾರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ. ಎಂಜಿನ್ ಆರಿಸಿ, ಕೀಲಿ ತೆಗೆದು, ಹಿಂದೆ ತಿರುಗಿ ಸಾಹೇಬರ ತೊಡೆಯ ಮೇಲಿಟ್ಟ.

“ದೊಡ್ಡವಳಿಗೆ ಒಪ್ಪಿದ್ದೆ ಸಾಹೇಬ್ರೆ. ನೀವು ಹೇಳಿದ್ರಿ ಅಂತ ಒಪ್ಪಿದ್ದೆ. ಕೆಲಸ ವಾಪಸ್ ತಗೊಳ್ಳಿ, ಚಿಕ್ಕವಳನ್ನ ಕೊಡಲ್ಲ.”