ಹತ್ತನೆಯ ಮೆಷಿನ್ನಿನ ಮೇಲಿನ ಬೆಡ್‌ಶೀಟು

೧
ಎಲ್ಲಿಂದ ಶುರು ಮಾಡಲಿ? ಬಾಗಿಲಿಂದ ಅಂದರೆ ಅಲ್ಲಿ ಬಟ್ಟೆಯ ಮೂಟೆ ಬಿದ್ದಿದೆ, ದಾಟಿಕೊಂಡು ಬನ್ನಿ. ಇದು ಶಾಲೆಯ ಯೂನಿಫಾರ್ಮ್ ಹೊಲಿಯುವ ಸಣ್ಣ ಜಾಗ. ಹತ್ತು ಮೆಷಿನ್ನುಗಳಿವೆ, ಒಂಬತ್ತು ಓಡುತ್ತವೆ. ಹತ್ತನೆಯದಕ್ಕೆ ಹಳೆಯ ಬೆಡ್‌ಶೀಟು ಹೊದಿಸಿದೆ. (ಕೆಟ್ಟಿದೆ ಅಂದುಕೊಂಡಿರಾ? ನಾನೂ ಹಾಗೇ ಬರೆದಿದ್ದೆ, ಹೊಡೆದು ಹಾಕಿದೆ. ಅದು ಚೆನ್ನಾಗೇ ಇದೆ.)

೨
ಕಥೆಗೆ ಇನ್ನೊಬ್ಬ ದರ್ಜಿ ಇರಲಿ ಅಂತ ಒಂದು ಸಾಲು ಬರೆದೆ. ಮಾಲೀಕ ಅಡ್ಡ ಬಂದ.

"ಯಾರನ್ನ ಕೇಳಿ ತಂದ್ರಿ ಇವನನ್ನ? ವಾಪಸ್ ಕಳಿಸಿ."

"ಕೆಲಸ ರಾಶಿ ಬಿದ್ದಿದೆಯಲ್ಲ ಸ್ವಾಮಿ."

"ಬಿದ್ದಿರಲಿ. ಈಗ ಒಂಬತ್ತು ಜನ ಇದಾರೆ, ಹತ್ತಾದ್ರೆ ಕಾಯ್ದೆ ಬರುತ್ತೆ. ವಿಮೆ, ಹೆರಿಗೆ ರಜೆಗೆ ಸಂಬಳ, ತಪಾಸಣೆಗೆ ಇನ್ಸ್‌ಪೆಕ್ಟರ್. ದೊಡ್ಡ ಕಂಪನೀಲಿ ಇದಕ್ಕೇ ಅಂತ ಒಂದು ಆಫೀಸಿರುತ್ತೆ. ಇಲ್ಲಿ ಗುಂಡಿ ಹೊಲಿಯೋದೂ ನಾನೇ, ಇಸ್ತ್ರಿ ಹಾಕೋದೂ ನಾನೇ."

ಪಾಪ ಅನಿಸಿತು. ದರ್ಜಿಯನ್ನು ಅಳಿಸಿದೆ. ಆಸಾಮಿ ಬದುಕಿದ್ದು ಒಂದೇ ಸಾಲು.

೩
(ಇಲ್ಲಿ ಮಾಲೀಕನ ಪರವಾಗಿ ಕಣ್ಣೀರಿನ ಪ್ಯಾರಾ ಇತ್ತು. ಕಾಲರ್ ಹೊಲಿಯುವವಳು ಓದಿ ಹರಿದು ಹಾಕಿದಳು.)

"ನಾನು ಏಳು ತಿಂಗಳ ಬಸುರಿ. ಅದನ್ಯಾಕೆ ಬರೀಲಿಲ್ಲ?"

"ಕ್ಲೈಮ್ಯಾಕ್ಸಿಗೆ ಇಟ್ಟುಕೊಂಡಿದ್ದೆ ಕಣಮ್ಮ."

"ಹೊಟ್ಟೆ ನಿಮ್ಮ ಕ್ಲೈಮ್ಯಾಕ್ಸಿಗೆ ಕಾಯಲ್ಲ. ಆ ದರ್ಜಿ ಇದ್ದಿದ್ರೆ ಹತ್ತಾಗ್ತಿದ್ವಿ. ನನಗೆ ಸಂಬಳದ ಜೊತೆ ರಜೆ ಸಿಗ್ತಿತ್ತು, ಹೆತ್ತು ಬಂದ್ಮೇಲೂ ಈ ಮೆಷಿನ್ ನನಗೇ ಇರ್ತಿತ್ತು. ಅಳಿಸಿಬಿಟ್ರಲ್ಲ ಅಣ್ಣ."

ನನಗೆ ಮೈಯೆಲ್ಲ ಉರಿಯಿತು. ಒಂಬತ್ತು ಜನರಿರುವ ಕಡೆ ಹೆರಿಗೆ ನೋಯುವುದಿಲ್ಲ ಅಂತ ಕಾಯ್ದೆ ಬರೆದವರಿಗೆ ಯಾರು ಹೇಳಿದರು? ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಇವನಿಗೆ ಭಯ, ಬಸುರಾಗಲು ಇವಳಿಗೆ ಭಯ. ಇದನ್ನು ರಕ್ಷಣೆ ಅನ್ನುವ ಮಹಾನುಭಾವರು ತಮ್ಮ ಡ್ರಾಫ್ಟನ್ನು ಒಂದು ಸಲವಾದರೂ ಹರಿದು ಹೊಸದಾಗಿ ಬರೆಯಬಾರದಿತ್ತೇ? ಈ ಚಿಲ್ಲರೆ ಕಥೆಗೇ ನಾನು ನಾಲ್ಕು ಹರಿದಿದ್ದೇನೆ.

೪
ಅಂತ್ಯ ಒಂದು: ಮಾಲೀಕನ ಮನಸ್ಸು ಕರಗುತ್ತದೆ. ("ಕರಗಿ ಅಂಗಡಿ ಮುಚ್ಚಿದ್ರೆ ಇವರೆಲ್ಲ ಎಲ್ಲಿಗೆ ಹೋಗ್ಬೇಕು?" ಅಂದ.)

ಅಂತ್ಯ ಎರಡು: ಅವಳು ಕೆಲಸ ಬಿಟ್ಟು ಹೋಗುತ್ತಾಳೆ. ("ನಾನು ಹೋಗಲ್ಲ," ಅಂದಳು.)

ಮೂರನೆಯದನ್ನು ಯೋಚಿಸುತ್ತಿರುವಾಗಲೇ ಅವಳು ಎದ್ದು, ಸೊಂಟ ಹಿಡಿದುಕೊಂಡು ಹೋಗಿ, ಬೆಡ್‌ಶೀಟು ಎಳೆದಳು.

"ಅಣ್ಣ, ಆಗಲೇ ಮೂಟೆ ದಾಟಿ ಯಾರೋ ಒಳಗೆ ಬಂದ್ರಲ್ಲ, ಸುಮ್ನೆ ಓದ್ತಾ ನಿಂತಿದಾರೆ. ಅವರನ್ನ ಕೂರಿಸಿ."

ಮಾಲೀಕ ನಿಮ್ಮ ಕಡೆ ನೋಡಿ ಬೇಡ ಅನ್ನುವಂತೆ ತಲೆಯಾಡಿಸುತ್ತಿದ್ದಾನೆ. ಅವಳು ಸ್ಟೂಲಿನ ಮೇಲಿನ ನೂಲಿನ ಚೂರು ಕೊಡವುತ್ತಿದ್ದಾಳೆ. ನಾನಂತೂ ಪೂರ್ಣವಿರಾಮ ಇಡುವುದಿಲ್ಲ, ಇಟ್ಟ ಕೂಡಲೇ ನೀವು ಹೊರಟುಬಿಡುತ್ತೀರಿ, ಇಲ್ಲಿ ಮತ್ತೆ ಒಂಬತ್ತೇ ಜನ